ಆಫ್ರಿಕಾದವಳಿಗೆ ಉಡಿ ತುಂಬಿದ್ದು

ನಮ್ಮ ಚಿಕ್ಕಮ್ಮ ದೇವದುರ್ಗ ಬಿಟ್ಟು ಹೋದದ್ದು ಹೆಚ್ಚೆಂದರೆ ಹೈದರಾಬಾದಿಗೆ. ಆದರೆ ಆಕೆಯ ಬಳಗವೆಲ್ಲ ಇದ್ದದ್ದು ಆಫ್ರಿಕಾದಲ್ಲಿ!

ಆಕೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮದುವೆಯಾಗಲಿಲ್ಲ. ಆಫ್ರಿಕಾದ ಹೆಂಗಸರು ಬರೆದ ಹಳೆಯ ಕಾದಂಬರಿಗಳನ್ನು ಹೈದರಾಬಾದಿನ ಫುಟ್‌ಪಾತಿನಲ್ಲಿ ಹುಡುಕಿ ತರುತ್ತಿದ್ದಳು. ಅದೂ ಕೇಳಿದಷ್ಟು ಕೊಟ್ಟು. ನಿಮಗೊಂದು ಬುದ್ಧಿಮಾತು: ಬೇಕಾದ ವಸ್ತುವನ್ನು ಬೇಡವೆನ್ನುವ ಮುಖದಿಂದಲೇ ಕೈಗೆತ್ತಿಕೊಳ್ಳಬೇಕು. ಚಿಕ್ಕಮ್ಮ ಪುಸ್ತಕವನ್ನು ಎದೆಗವಚಿಕೊಂಡು ಬೆಲೆ ಕೇಳುವವಳು.

ಎಂಬತ್ತರ ದಶಕದ ಆರಂಭ. ನಾನು ರಾಯಚೂರಿನಿಂದ ಸೀರೆ, ಕುಪ್ಪಸದ ಖಣದ ಗಂಟು ಹೊತ್ತು ಮಾನ್ವಿ, ದೇವದುರ್ಗ ಸುತ್ತಿ ಮಾರುತ್ತಿದ್ದವಳು. ರವಿವಾರ ಆಕೆಯ ಪಡಸಾಲೆಯಲ್ಲಿ ಗಂಟು ಬಿಚ್ಚಿದರೆ ಓಣಿಯ ಹೆಂಗಸರು ಸೇರುತ್ತಿದ್ದರು. ನಾನು ಸೀರೆಯ ಸೆರಗು ತೋರಿಸುವಷ್ಟರಲ್ಲಿ ಆಕೆ ಕಾದಂಬರಿ ಹೇಳಲು ಶುರು. ವ್ಯಾಪಾರ ಅಲ್ಲಿಗೆ ಖಲಾಸ್.

ಒಂದು ರವಿವಾರ ಒಣಮೀನು ಮಾರುವವಳ ಕಥೆ. ಗಂಡಿನವರು ಹೆಣ್ಣಿನ ಮನೆಗೆ ತೆರ ಕೊಟ್ಟು ತಂದ ಸೊಸೆ, ಮಕ್ಕಳಾಗಲಿಲ್ಲ.

“ತೆರ ಕೊಟ್ರಾ? ಹಂಗಾರ ನಮ್ಮ ಕಲ್ಲೂರು ಕಡಿಯಾಕಿನ ಇರಬೇಕು,” ಎಂದಳು ಕುರಿ ಸಾಕುವ ಮನೆತನದ ಮುದುಕಿ.

ಪಕ್ಕದ ಮನೆಯ ಖಾಲಾ ಕೇಳಿದಳು: “ಟೀಚರಮ್ಮಾ, ಆಕಿ ಅತ್ತಿ ಸುಮ್ನಿದ್ಲಾ?”

“ಎಲ್ಲಿ ಸುಮ್ನಿರ್ತಾಳ? ಮಗಗ ಇನ್ನೊಂದು ಹೆಣ್ಣು ನೋಡಾಕತ್ತಾಳ.”

ನಾನು ಬಿಚ್ಚಿದ್ದ ಸೀರೆಯನ್ನು ಮಡಚತೊಡಗಿದೆ. ನನಗೂ ಮಕ್ಕಳಿರಲಿಲ್ಲ. ನನ್ನ ಅತ್ತೆಯೂ ಮಗನಿಗೆಂದು ಮಸರಕಲ್ ಊರಿನಲ್ಲಿ ಒಂದು ಹೆಣ್ಣು ನೋಡಿಟ್ಟಿದ್ದರು. ಅದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳಂತೆ ತಿರುಗುತ್ತಿದ್ದವಳು ನಾನೊಬ್ಬಳೇ.

ನಾನು ಬಲ್ಲ ವಿದ್ಯೆ ಒಂದೇ. ಚೌಕಾಸಿಗಿಳಿದೆ.

“ಸಣ್ಣವ್ವಾ, ಆಕಿಗೆ ಎರಡು ಗಂಡುಮಕ್ಕಳನ್ನ ಕೊಡು.”

“ಪುಸ್ತಕದಾಗ ಇಲ್ಲ.”

“ಹೋಗ್ಲಿ, ಒಂದು ಹೆಣ್ಣು?”

“ಇಲ್ಲ ಅಂದ್ನೆಲ್ಲ.”

“ಕಡೀಗೆ ದತ್ತಕಾದ್ರೂ ಕೊಡಿಸು.”

“ಇದೇನ್ ಸಂತಿ ಅಂತ ತಿಳಿದಿಯೇನ್ ಲೇ?”

ಕಲ್ಲೂರಿನ ಮುದುಕಿ ರೋಗದ ಬೇರು ಹಿಡಿದಳು. “ಬಂಜಿ ಅಂತ ಆಕಿಗೆ ಯಾರೂ ಉಡಿ ತುಂಬಿರಂಗಿಲ್ಲ. ನಾವು ತುಂಬೂಣು.”

ಯಾರೂ ನಗಲಿಲ್ಲ. ಪುಸ್ತಕವನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಹಚ್ಚಿದರು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಬಂದವು. ಖಾಲಾ ಉತ್ತತ್ತಿ ತಂದಳು. ಖಣ? ಎಲ್ಲರೂ ನನ್ನ ಗಂಟಿನತ್ತ ನೋಡಿದರು. ನನಗೆ ಓದಲೂ ಬಾರದ ಪುಸ್ತಕಕ್ಕೆ ಗುಳೇದಗುಡ್ಡದ ಹೊಸ ಖಣವೇ? ತಳದಲ್ಲಿದ್ದ, ಮಡಿಕೆಗೆ ಬಣ್ಣ ಹೋದ ಒಂದನ್ನು ಎಳೆದು, ಚೆನ್ನಾಗಿದ್ದ ಮಗ್ಗುಲು ಮೇಲೆ ಮಾಡಿ ಕೊಟ್ಟೆ.

ಎಲ್ಲ ಮುಗಿದ ಮೇಲೆ ಚಿಕ್ಕಮ್ಮ ಅದನ್ನೆಲ್ಲ ಮೊರಕ್ಕೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು.

“ಆಫ್ರಿಕಾಕ್ಕ ಬಸ್ಸಿಲ್ಲ. ಆಕಿ ಬದ್ಲಿ ನೀ ಸೆರಗು ಒಡ್ಡು.”

ಊರಿನ ಬಸುರಿಯರಿಗೆಲ್ಲ ಖಣ ಮಾರಿ, ಅವರಿಗೆ ಉಡಿ ತುಂಬುವ ಹೊತ್ತಿಗೆ ಹೊಸ್ತಿಲಾಚೆ ಸರಿಯುತ್ತಿದ್ದವಳು ನಾನು. ಸೆರಗು ಒಡ್ಡಿದೆ. ಮೊದಲ ಹಿಡಿ ಅಕ್ಕಿ ಹಾಕಿದವಳು ಆ ಮುದುಕಿ.

“ಮೀನಿನಾಕಿ ಮುಂದೇನ್ ಮಾಡಿದ್ಲು, ಸಣ್ಣವ್ವಾ?”

“ಮೀನು ಮಾರಿದ್ಲು. ದೊಡ್ಡ ಅಂಗಡಿ ಹಾಕಿದ್ಲು. ಯಾರ ಮುಂದನೂ ತಲಿ ತಗ್ಗಸ್ಲಿಲ್ಲ.”

ಅತ್ತೆ ಮಸರಕಲ್ಲಿನ ಹೆಣ್ಣಿನ ಮಾತು ತೆಗೆದ ದಿನ ನಾನು ಆ ಖಣದ ಕುಪ್ಪಸವನ್ನೇ ತೊಟ್ಟಿದ್ದೆ. ಬಣ್ಣ ಹೋದ ಮಗ್ಗುಲು ಸರಿಯಾಗಿ ಎದೆಯ ಮೇಲೇ ಬಂದಿತ್ತು.

“ಆಗಂಗಿಲ್ರಿ, ಅತ್ತಿ,” ಎಂದೆ.

ಅಷ್ಟೇ. ಚೌಕಾಸಿ ಮಾಡಲಿಲ್ಲ.