ಸ್ಯಾಂಪಲ್ ಗಡ್ಡ

ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಯವರೆಗೆ ಹುಡುಕಿದರೂ ನಮ್ಮ ಭಾವನ ಗಡ್ಡದಂಥ ಗಡ್ಡ ಇನ್ನೊಂದು ಸಿಗುತ್ತಿರಲಿಲ್ಲ. ಅಷ್ಟು ದುಂಡಗೆ, ಅಷ್ಟು ಅಚ್ಚುಕಟ್ಟು! ಅದೇ ದಾರಿಯಲ್ಲಿ ಅತಿ ಕೆಟ್ಟ ಗಡ್ಡ ಯಾರದೆಂದು ಕೇಳಿದ್ದರೆ ಜನ ಯೋಚನೆ ಮಾಡದೆ ನನ್ನ ಕಡೆ ಕೈ ತೋರಿಸುತ್ತಿದ್ದರು. ವಿಚಿತ್ರವೆಂದರೆ ಎರಡನ್ನೂ ಕತ್ತರಿಸುತ್ತಿದ್ದ ಕೈ ಒಂದೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಶೆಟ್ಟಿಕೆರೆ ಹತ್ತಿರ ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು, ಅಟ್ಟದ ತುಂಬ ಕಾಯಿ. ತಲೆಕೂದಲನ್ನು ಕ್ಷೌರದಂಗಡಿಗೆ ಒಪ್ಪಿಸುತ್ತಿದ್ದ ಮನುಷ್ಯ ಗಡ್ಡವನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತಿತ್ತು.

"ಹಲ್ಲುಜ್ಜಿಸ್ಕಳಕ್ಕೆ ಯಾರಾನ ಅಂಗಡಿಗೋಯ್ತಾರೇನ್ಲಾ? ಮಕ ನಂದು, ಕೂದ್ಲು ನಂದು, ಕತ್ರೀನೂ ನಂದೇ. ಮಧ್ಯ ಅವನ್ಯಾರು?"

ಭಾನುವಾರ ಬೆಳಗ್ಗೆ ಹಾಲು ಡೈರಿಗೆ ಹಾಕಿ ಬಂದ ಮೇಲೆ ಜಗಲಿಯ ಕಂಬಕ್ಕೆ ಕನ್ನಡಿ ತೂಗುಬೀಳುತ್ತಿತ್ತು. ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವವನು. ಭಾನುವಾರ ಕೆಲಸವಿಲ್ಲ. ಅಕ್ಕನ ಕೈಯ ಮುದ್ದೆ, ಬಸ್ಸಾರಿನ ಆಸೆಗೆ ಬಸ್ಸು ಹತ್ತಿ ಬರುತ್ತಿದ್ದವನು ಸಿಕ್ಕಿಬಿದ್ದದ್ದು ಹೀಗೆ. ಆಗ ನನಗೆ ಗಡ್ಡ ಎಂದು ಹೇಳಿಕೊಳ್ಳುವಂಥದ್ದು ಹೊಸದಾಗಿ ಬರುತ್ತಿತ್ತು. ಭಾವ ನನ್ನ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಮಳೆ ಕೈಕೊಟ್ಟ ರಾಗಿ ಹೊಲ ನೋಡುವಂತೆ ನೋಡಿದರು.

"ಅಲ್ಲೊಂದು ಇಲ್ಲೊಂದು ಹುಟ್ಟೈತೆ. ಪರ್ವಾಗಿಲ್ಲ, ಪ್ರಯೋಗಕ್ಕೆ ಸಾಕು, ಕೂತ್ಕಾ."

ಆ 'ಪ್ರಯೋಗ' ಎಂಬ ಮಾತಿಗೆ ಆಗಲೇ ನಾನು ಎದ್ದು ಓಡಬೇಕಿತ್ತು. ಬಸ್ಸಾರು ಇನ್ನೂ ಒಲೆಯ ಮೇಲಿತ್ತು. ಕೂತೆ.

ಮಂಡಿಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವ ಮೊದಲು ಮೂಟೆಗೆ ಕೈ ಹಾಕಿ ನಾಲ್ಕಾರು ಉಂಡೆ ತೆಗೆದು, ಒಂದನ್ನು ಒಡೆದು ನೋಡುತ್ತಾರೆ. ಅದು ಸ್ಯಾಂಪಲ್. ಅದು ಚೆನ್ನಾಗಿದ್ದರೆ ಮೂಟೆಗೇ ಒಳ್ಳೆಯ ಬೆಲೆ. ಆದರೆ ಒಡೆದ ಉಂಡೆಯ ಗತಿ ಏನೆಂದು ಯಾರಾದರೂ ಕೇಳಿದ್ದುಂಟೆ? ನಾನು ಆ ಒಡೆದ ಉಂಡೆ. ಭಾವನಿಗೆ ಗಡ್ಡದ ಬಗ್ಗೆ ಯಾವ ಹೊಸ ಯೋಚನೆ ಹೊಳೆದರೂ ಮೊದಲು ನನ್ನ ಮುಖದ ಮೇಲೆ ಮಾಡಿ ನೋಡುತ್ತಿದ್ದರು. ಎಲ್ಲಿ ತಪ್ಪಾಯಿತೆಂದು ತಿಳಿದುಕೊಂಡು, ಆಮೇಲೆ ಕನ್ನಡಿಯ ಮುಂದೆ ನಿಂತು ತಮ್ಮದನ್ನು ತಪ್ಪಿಲ್ಲದೆ ಮಾಡಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಬದಲಾಗಿ ನನಗಿದ್ದ ಆಸೆ ಒಂದೇ. ಒಂದೇ ಒಂದು ಸಲ ಆ ಕತ್ತರಿ ನನ್ನ ಕೈಗೆ ಬಂದು, ಭಾವನ ಗಡ್ಡ ನಾನು ಕತ್ತರಿಸಬೇಕು. ಸೇಡಿಗೆ ಎಂದುಕೊಳ್ಳಬೇಡಿ. ಸ್ವಲ್ಪ ಸೇಡಿಗೂ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, 'ಇವನ ಕೈಗೂ ಕೊಡಬಹುದು' ಎಂದು ಆ ಮನುಷ್ಯನಿಗೆ ಅನ್ನಿಸಲಿ ಎಂಬ ಆಸೆ.

ಒಂದು ಭಾನುವಾರ ಭಾವ ಕೈಯಲ್ಲಿ ತೆಂಗಿನ ಕರಟ ಹಿಡಿದು ಕಾಯುತ್ತಿದ್ದರು. ಗಾಜಿನ ಚೂರಿನಲ್ಲಿ ಹೆರೆದು ನುಣ್ಣಗೆ ಮಾಡಿದ ಅರ್ಧ ಕರಟ.

"ದುಂಡು ಅನ್ನೋದು ಕಣ್ಣಂದಾಜಿಗೆ ಬರಲ್ಲ ಕಣ್ಲಾ. ಅಚ್ಚು ಬೇಕು. ಇದ್ನ ಗದ್ದದ ಕೆಳಗಿಂದ ಹಿಡಿಯೋದು. ಅಂಚಿಂದ ಈಚೆ ಬಂದಿದ್ದೆಲ್ಲ ಕಚಕ್!"

ಕರಟದೊಳಗೆ ಗದ್ದ ಇಟ್ಟುಕೊಂಡು ಕೂತೆ. ನನ್ನ ಗದ್ದದ ಅಳತೆಗೆಂದು ಅಟ್ಟದ ಕೆಳಗೆ ಬಿದ್ದಿದ್ದ ರಾಶಿಯನ್ನೆಲ್ಲ ತಡಕಿ ಆರಿಸಿದ್ದರಂತೆ. ಅಷ್ಟು ಕಾಳಜಿ ಮಾಡಿದವರು ಒಂದು ವಿಷಯ ಮರೆತಿದ್ದರು. ಅದು ಕಾಯಿಯ ಕಣ್ಣಿದ್ದ ಅರ್ಧ! ಕಣ್ಣಿನ ತೂತಿನಿಂದ ನನ್ನ ಗಡ್ಡದ ಒಂದು ಗುಚ್ಛ ಹೊರಗೆ ಇಣುಕಿತು.

"ಇದ್ಯಾವ್ದಿದು, ಇಲ್ಲೂ ಈಚೆ ಬಂದೈತಲ್ಲ!" ಎಂದು ಎಳೆದು, ಬುಡಕ್ಕೇ ಕಚಕ್ ಎನಿಸಿದರು.

ಕರಟ ತೆಗೆದು ನೋಡಿದರೆ ನಡುಗದ್ದದಲ್ಲಿ ಬೋಳು ಬೊಟ್ಟು. ಅಕ್ಕ ಒಳಗಿಂದ ಬಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೇ ಹಿಂದಕ್ಕೆ ಹೋದಳು. ಭಾವ ಗಂಭೀರವಾಗಿ ಕರಟ ತಿರುಗಿಸಿ ನೋಡಿ, ಎದ್ದು ಹೋಗಿ, ತಮಗೆಂದು ಕಣ್ಣಿಲ್ಲದ ಅರ್ಧ ಹುಡುಕಿಕೊಂಡು ಬಂದರು! ಮರುದಿನ ಮಂಡಿಯ ಸಾಹುಕಾರರು ನನ್ನ ಮುಖವನ್ನು ಕನ್ನಡಕದ ಮೇಲಿಂದ ನೋಡಿ, "ಏನಪ್ಪಾ, ಹುಳ ಬಿದ್ದೈತಾ?" ಎಂದರು. ಕೊಬ್ಬರಿಯವರಿಗೆ ತೂತು ಕಂಡರೆ ಬೇರೇನು ನೆನಪಾದೀತು?

ಹೆಣ್ಣು ನೋಡಲು ತುರುವೇಕೆರೆಗೆ ಹೋದ ಕಥೆಯನ್ನು ನಾನು ಹೇಳದಿದ್ದರೂ ನನ್ನ ಹೆಂಡತಿ ಎಲ್ಲರಿಗೂ ಹೇಳುತ್ತಾಳೆ. ಆದ್ದರಿಂದ ನಾನೇ ಹೇಳುವುದು ವಾಸಿ. ಭಾವ ಆಗ ಹೊಸದಾಗಿ ಟ್ರಿಮ್ಮರ್ ತರಿಸಿದ್ದರು. "ಹೆಣ್ಣಿನೋರ ಮುಂದೆ ನೀಟಾಗಿರ್ಬೇಕು" ಎಂದು ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಗುಂಯ್ ಎಂದು ಬಲಗೆನ್ನೆ ಹತ್ತಿತು. ಅದರ ಬಾಯಿಗೆ ಸಿಕ್ಕಿಸುವ ಬಾಚಣಿಗೆ ಹಲ್ಲು ಹಾಕುವುದನ್ನು ಮರೆತಿದ್ದರಿಂದ ಬಲಗೆನ್ನೆ ಕೋಳಿಮೊಟ್ಟೆಯಂತಾಯಿತು. ಅಲ್ಲಿಗೆ ಚಾರ್ಜು ಮುಗಿಯಿತು. ತಂತಿ ಸಿಕ್ಕಿಸಲು ಹೋದರೆ ಕರೆಂಟಿಲ್ಲ. ಎಡಗೆನ್ನೆಯಲ್ಲಿ ಗಡ್ಡ ಇದ್ದ ಹಾಗೇ ಇದೆ. ಆ ಮನೆಯಲ್ಲಿ ರೇಜರ್ ಎಂಬುದು ಎಂದೂ ಇದ್ದದ್ದಲ್ಲ. ಹೊರಗೆ ಕಾರು ಹಾರನ್ ಮಾಡುತ್ತಿದೆ.

ಹಲ್ಲುನೋವು ಎಂದು ಟವೆಲ್ ಸುತ್ತಿಕೊಂಡು ಹೋದೆ. ಆದರೆ ಹೆಣ್ಣಿನ ಮನೆಯಲ್ಲಿ ಕಾಫಿ ಕೊಡುತ್ತಾರೆ, ಕಾಫಿಯನ್ನು ಟವೆಲಿನ ಮೂಲಕ ಕುಡಿಯಲಾಗುವುದಿಲ್ಲ. ಟವೆಲ್ ತೆಗೆದೆ. ಎದುರು ಕೂತಿದ್ದ ಹುಡುಗಿ ಒಂದು ಕ್ಷಣ ನೋಡಿ, ಭುಸ್ ಎಂದು ನಕ್ಕು ಒಳಗೆ ಓಡಿದಳು. ಸಭೆ ತಣ್ಣಗಾಯಿತು. ಭಾವ ಮಾತ್ರ ಒಂದಿಷ್ಟೂ ಅಲುಗಲಿಲ್ಲ.

"ಗಡ್ಡ ಇದ್ರೆ ಹಿಂಗ್ ಕಾಣ್ತಾನೆ, ಇಲ್ದಿದ್ರೆ ಹಂಗ್ ಕಾಣ್ತಾನೆ. ಎರಡೂ ನೋಡ್ಕಳ್ಳಿ ಅಂತ್ಲೇ ಕರ್ಕಂಡ್ ಬಂದಿವ್ನಿ ಕಣ್ರೀ. ನಾಳೆ ಮೋಸ ಆಯ್ತು ಅನ್ನಂಗಿಲ್ಲ."

ಆ ಮನೆಯವರು ಒಪ್ಪಿಯೇಬಿಟ್ಟರು! ಮದುವೆಯಾದ ಮೇಲೆ ಹೆಂಡತಿಯನ್ನು ಕೇಳಿದೆ, ಏನು ನೋಡಿ ಒಪ್ಪಿದೆ ಎಂದು. "ಭಾವನ ಮಾತು ಕೇಳಿ ಹಂಗೆ ಬಂದು ಕೂತೋರು ಹೆಂಡ್ತಿ ಮಾತೂ ಕೇಳ್ತಾರೆ ಅನ್ನುಸ್ತು" ಎಂದಳು. ಅವಳ ಲೆಕ್ಕ ಇವತ್ತಿನವರೆಗೂ ತಪ್ಪಿಲ್ಲ.

ಮದುವೆಯಾದ ಧೈರ್ಯದಲ್ಲಿ ಒಂದು ದಿನ ನೇರವಾಗಿ ಕೇಳಿದೆ.

"ಭಾವ, ಕತ್ರಿ ಕೊಡಿ. ಇವತ್ತು ನಿಮ್ದು ನಾನು ಮಾಡ್ತೀನಿ."

"ಯಾಕ್ಲಾ? ನಾನೇನು ಪಾಪ ಮಾಡಿವ್ನಿ?"

"ಇಷ್ಟು ವರ್ಷ ನನ್ ಮಕ ಕೊಟ್ಟಿಲ್ವಾ?"

"ಅದು ಸ್ಯಾಂಪಲ್ಲು. ಇದು ಮಾಲು. ಎರಡೂ ಒಂದೇನ್ಲಾ?"

ಅಕ್ಕ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಕೊಡ್ರೀ, ಏನ್ ಕಿತ್ಕಂಡೋಯ್ತಾನಾ? ಆ ಹೋತದ್ ಗಡ್ಡಕ್ಕೆ ಇಷ್ಟೊಂದು ಕಾವಲು ಬ್ಯಾರೆ!" ಎಂದಳು. ಆ ಗಡ್ಡವನ್ನು ಅಕ್ಕ ಒಳ್ಳೆಯ ಮಾತಿನಲ್ಲಿ ಕರೆದದ್ದನ್ನು ನಾನು ಕೇಳಿಯೇ ಇಲ್ಲ.

ಅಕ್ಕನ ಮಾತಿಗೆ ಭಾವ ಒಪ್ಪಿದರು. ಕತ್ತರಿ ಕೊಟ್ಟು, ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಮುಚ್ಚಿ ಕೂತರು. ನಾನು ಕತ್ತರಿ ಎತ್ತಿದೆ. ಒಂದು ಕಣ್ಣು ತೆರೆಯಿತು.

"ನಡುಗ್ತೈತೆ."

"ಇಲ್ಲ ಭಾವ, ನೋಡಿ, ಕೈ ನೆಟ್ಟಗೈತೆ."

"ನಿನ್ ಕೈಯಲ್ಲ ಕಣ್ಲಾ, ನನ್ನೆದೆ! ಕೊಡಿಲ್ಲಿ, ಬುಡು."

ಕತ್ತರಿ ಹೋಯಿತು. ಒಂದು ಕೂದಲೂ ಉದುರಲಿಲ್ಲ. ಆಮೇಲೆ ಪ್ರತಿ ಭಾನುವಾರ ನಾನು ಕೇಳುವುದು, ಅವರು ಬೈಯುವುದು, ಅಕ್ಕ ಇಬ್ಬರಿಗೂ ಬೈಯುವುದು, ಕೊನೆಗೆ ನನ್ನ ಮುಖ ಕೆಡುವುದು. ನನ್ನ ಹೆಂಡತಿ, "ಹೋಗೋವಾಗ ಮನುಷ್ಯನಂಗ್ ಹೋಗ್ತೀರ, ಬರೋವಾಗ ಗುರುತೇ ಸಿಗಲ್ಲ. ಮತ್ಯಾಕೆ ಹೋಗ್ತೀರ?" ಎನ್ನುತ್ತಿದ್ದಳು. ಬಸ್ಸಾರು ಎಂದು ಹೇಳುತ್ತಿದ್ದೆ. ಬಸ್ಸಾರನ್ನು ಅವಳೂ ಚೆನ್ನಾಗಿಯೇ ಮಾಡುತ್ತಾಳೆ.

ಹೋದ ಮಾಗಿಯಲ್ಲಿ ಒಂದು ಶುಕ್ರವಾರ ಭಾವ ಡೈರಿಗೆ ಹಾಲು ಹಾಕಿ ಬಂದು, ಜಗಲಿಯ ಮೇಲೆ ಕೂತು ನೀರು ಕೇಳಿದರಂತೆ. ಅಕ್ಕ ಚೊಂಬು ತರುವಷ್ಟರಲ್ಲಿ ಇರಲಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಬಂದವರೆಲ್ಲ ಎದುರು ನಿಂತು ಮುಖ ನೋಡಿ ಕೈ ಮುಗಿಯುತ್ತಾರೆ. ನಾನು ಹೋಗುವಷ್ಟರಲ್ಲಿ ಸ್ನಾನ ಮುಗಿಸಿ ನಡುಮನೆಯಲ್ಲಿ ಕೂರಿಸಿದ್ದರು. ಕಾಯಿ ಕೀಳಿಸುವ ಗಡಿಬಿಡಿಯಲ್ಲಿ ಹಿಂದಿನ ಭಾನುವಾರಗಳು ತಪ್ಪಿದ್ದವು. ಗಡ್ಡ ಅಡ್ಡಾದಿಡ್ಡಿ ಬೆಳೆದಿತ್ತು. ಭಾವನ ಅಣ್ಣ ಅದನ್ನು ನೋಡಿ, "ಜನ ಬರೋಕ್ ಮುಂಚೆ ಕ್ಷೌರದೋರನ್ನ ಯಾರಾನ ಕರ್ಕಂಡ್ ಬನ್ರಪ್ಪ" ಎಂದರು.

ಅಕ್ಕ ತಲೆ ಎತ್ತಿದಳು.

"ಬ್ಯಾಡ. ಅವ್ರು ಬ್ಯಾರೆಯೋರ ಕೈಗೆ ಮಕ ಕೊಟ್ಟೋರಲ್ಲ" ಎಂದಳು. ಎದ್ದು ಹೋಗಿ ಕತ್ತರಿ ತಂದು ನನ್ನ ಕೈಗಿಟ್ಟಳು. "ನಮ್ಮುಡ್ಗ ಮಾಡ್ತಾನೆ."

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಅರ್ಧ ಮುಂದಕ್ಕೆ ಮಾಡಿದೆವು. ತಲೆ ಮುಂದಕ್ಕೆ ವಾಲುತ್ತಿತ್ತು. ಅಕ್ಕ ಪಕ್ಕದಲ್ಲಿ ಕೂತು ಗದ್ದಕ್ಕೆ ಅಂಗೈ ಕೊಟ್ಟು ಮುಖ ಎತ್ತಿ ಹಿಡಿದಳು. ನಾನು ಮೊದಲು ಬಾಚಣಿಗೆ ಆಡಿಸಿದೆ. ಆಮೇಲೆ ಸ್ವಲ್ಪ ಸ್ವಲ್ಪವೇ ಕತ್ತರಿಸಿದೆ. ಕಿವಿಯ ಹತ್ತಿರ ತೆಳ್ಳಗೆ, ಗದ್ದದ ಕಡೆಗೆ ತುಂಬಿಕೊಂಡು ಬರುವ ಹಾಗೆ. ಹೇಗೆ ಮಾಡಬೇಕೆಂದು ಯೋಚಿಸಬೇಕಾಗಲೇ ಇಲ್ಲ. ಕೂದಲು ಅಕ್ಕನ ಬೆರಳ ಮೇಲೆ ಉದುರುತ್ತಿತ್ತು, ಅವಳು ಕೊಡವಲಿಲ್ಲ.

"ಸಾಕಾ ಅಕ್ಕ?"

ಅಕ್ಕ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಎಡಗಡೆ ಇನ್ನೊಂಚೂರು."

ತೆಗೆದೆ.

"ಹ್ಞೂಂ. ಈಗ ನಿಮ್ ಭಾವನಂಗಾದ್ರು" ಎಂದಳು. ಕೈ ಮಾತ್ರ ತೆಗೆಯಲಿಲ್ಲ. ಹೆಬ್ಬೆರಳಿನಿಂದ ಆ ಗಡ್ಡವನ್ನು ಮೆಲ್ಲಗೆ ಸವರುತ್ತ ಕೂತಳು.

ಹೊರಗೆ ಜನ ಸೇರಿದ್ದರು. ಭಾವನ ಅಣ್ಣ ಬಾಗಿಲ ಸಂದಿಯಿಂದ, "ಆಯ್ತೇನಪ್ಪ?" ಎಂದರು. "ಇನ್ನೊಂದ್ ಸ್ವಲ್ಪ ಐತೆ" ಎಂದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಅಕ್ಕ ತಾನಾಗಿ ಕೈ ತೆಗೆಯುವವರೆಗೂ ಅವರಿಗೆ ಕೇಳಿಸುವ ಹಾಗೆ ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದೆ.