ಹಂದಿಮರಿಗಳಿಗೆ ಕಾಕಂಬಿ ಉಪಚಾರ

ಹೊಟ್ಟೆಯ ವಿಷಯವನ್ನು ನಾಲ್ಕು ಜನರ ಮುಂದೆ ಆಡಬಾರದು ಎನ್ನುತ್ತಾರೆ. ಏಕೆ ಆಡಬಾರದೋ ನನಗೆ ತಿಳಿಯದು. ಮದುವೆ ಮನೆಯಲ್ಲಿ ಎಲೆಗೆ ಏನೇನು ಬಿತ್ತು ಎಂದು ವಾರಗಟ್ಟಲೆ ಹೇಳಿಕೊಂಡು ತಿರುಗುವವರು, ಅದೆಲ್ಲ ಒಳಗೆ ಹೋಗಿ ಏನಾಯಿತು ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ನಾಜೂಕು ಕಲಿಸುವ ಕ್ಲಾಸು ಅದರ ಮುಂದೆ ಇತ್ತೋ ಏನೋ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ನಾನು ಕೈ ಮುಗಿಯಬೇಕೆಂದರೆ, ದೇವರಾದ ಮೇಲೆ ನಮ್ಮ ಸೊಸೆ ಜಯಮ್ಮನಿಗೆ, ಅವಳಾದ ಮೇಲೆ ಅವಳ ಹಂದಿಗಳ ಹೊಟ್ಟೆಗೆ.

ನಮ್ಮದು ಪಾಂಡವಪುರದ ಪಕ್ಕದ ನಾಲೆ ಬಯಲು. ಕಬ್ಬು, ಭತ್ತ, ಕೊಟ್ಟಿಗೆಯಲ್ಲಿ ಎಮ್ಮೆ. ಹಂದಿ ಬಾಡನ್ನು ಚಪ್ಪರಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಆದರೆ ಹಂದಿ ಸಾಕುತ್ತೇನೆ ಎಂದರೆ ಅದೇ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಜಯಮ್ಮ ಕೆ.ಆರ್. ಪೇಟೆಯಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದವಳು ಕೆಲವು ದಿನ ಬಿಟ್ಟು ಬಿಳಿ ಹಂದಿ ಸಾಕುತ್ತೇನೆಂದು ಹಟ ಹಿಡಿದಳು. ಬಿಳಿಯದಾದರೆ ಹಂದಿಯಲ್ಲವೇ? ನಮ್ಮ ಯಜಮಾನರು ಜಗುಲಿಯಲ್ಲಿ ಕೂತು ತೀರ್ಪು ಕೊಟ್ಟರು. "ಸಾಕ್ಕೊ. ನಾನಂತೂ ಆ ಕಡೀಕೆ ಕಾಲಿಡಾಕಿಲ್ಲ. ಒಂದೇ ಒಂದು ಮರೀಗೆ ಕಾಯ್ಲೆ ಬರ್ಲಿ, ಅವತ್ತೇ ಎಲ್ಲಾನೂ ಗಾಡೀಗೆ ತುಂಬಿ ಕಳುಸ್ಬುಡ್ತೀನಿ."

ಜಯಮ್ಮ ತಲೆಯಾಡಿಸಿದಳು. ಅವಳು ನಮ್ಮ ಮನೆಗೆ ಬಂದ ಮೇಲೆ ಗದ್ದೆ ಮಾವನದು, ಎಮ್ಮೆ ಅತ್ತೆಯದು, ಲಾರಿ ಗಂಡನದು ಆಗಿತ್ತು. ಅವಳದು ಎನ್ನಲು ಟ್ರಂಕು ಒಂದೇ. ಗದ್ದೆಯಂಚಿನಲ್ಲಿ ದೊಡ್ಡಿ ಎದ್ದು ಬಿಳಿ ಮರಿಗಳು ಬಂದ ಮೇಲೆ ಜನ ಮೂಗು ಮುಚ್ಚಿಕೊಂಡೇ 'ಜಯಮ್ಮನ ಹಂದಿ' ಎಂದರು. ಆ ಎರಡು ಮಾತು ಕೇಳಿದಾಗ ಅವಳ ಮುಖ ನೋಡಬೇಕಿತ್ತು.

ಈ ವರ್ಷ ಮುಸುಕಿನ ಜೋಳವನ್ನೆಲ್ಲ ಕೋಳಿ ಫಾರಂನವರು ಬಾಚಿಕೊಂಡು ಹೋದರು. ಜೋಳದ ನುಚ್ಚಿಲ್ಲದೆ ಹಂದಿಗೆ ಏನು ಹಾಕುವುದು? ಜಯಮ್ಮ ಅಕ್ಕಿ ತೌಡು ತಂದಳು, ಹಿಪ್ಪುನೇರಳೆ ಸೊಪ್ಪು ಹೆಚ್ಚಿದಳು, ರೇಷ್ಮೆ ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಹುಳವನ್ನು ಒಣಗಿಸಿ ಪುಡಿ ಮಾಡಿದಳು. ಎಲ್ಲವನ್ನೂ ಹಳೆಯ ಮೇವಿನ ಜೊತೆ ಹಿಡಿ ಹಿಡಿಯಾಗಿ ಬೆರೆಸುತ್ತಿದ್ದಳು, ಕೂಸಿಗೆ ಮೊದಲ ಅನ್ನ ಉಣಿಸುವ ಹಾಗೆ. ನನಗೆ ತಡೆಯಲಾಗಲಿಲ್ಲ.

"ಅಂದಿಗೂ ಬಾಣಂತೀಗೂ ಒಂದೇ ಪಥ್ಯವೇನೇ? ಸುರುದು ಬಾರೇ ಅತ್ಲಾಗೆ."

"ಒಳಗಿರೋರ್ಗೆ ಅಭ್ಯಾಸ ಆಗ್ಬೇಕಲ್ಲ ಅತ್ತೆಮ್ಮ."

"ಯಾರೇ ಒಳಗಿರೋರು?"

"ಒಟ್ಟೆ ಒಳಗೆ ಸಣ್ಣ ಸಣ್ಣ ಜೀವ ಇರ್ತವಂತೆ. ಕಣ್ಣಿಗೆ ಕಾಣಾಕಿಲ್ಲ. ತಿಂದಿದ್ದು ಅರಗ್ಸೋಕೆ ಅವೂ ಕೈ ಜೋಡುಸ್ತವೆ."

"ಕಾಣೋರ್ಗೇ ಅಡುಗೆ ಮಾಡಿ ಸಾಕಾಗದೆ. ಇನ್ನು ಕಾಣ್ದೋರ್ಗೂ ಬೇರೆ ಒಲೆ ಊಡ್ತೀಯಾ?" ಎಂದು ನಾನು ಎಮ್ಮೆ ಕಡೆಗೆ ನಡೆದೆ.

ಒಂದು ಬೆಳಿಗ್ಗೆ ದೊಡ್ಡಿಯ ಕಡೆಯಿಂದ ಅವಳು ಕೂಗಿದ ಕೂಗಿಗೆ ನಾನು ಹಾಲಿನ ತಂಬಿಗೆಯನ್ನು ಅಲ್ಲೇ ಇಟ್ಟು ಎದ್ದೆ. ಹೋಗಿ ನೋಡಿದರೆ ಮರಿಗಳೆಲ್ಲ ನೀರು ನೀರಾಗಿ ಕಕ್ಕಸು ಮಾಡಿಕೊಂಡು ಬಾಲ ಇಳಿಬಿಟ್ಟು ನಿಂತಿವೆ. ಒಂದು ಮರಿ ಮಲಗೇಬಿಟ್ಟಿತ್ತು. ಜಯಮ್ಮ ಅದನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದಳು, ಸೀರೆ ಏನಾಯಿತೆಂದು ನೋಡಿಕೊಳ್ಳದೆ. "ಮಾವುಂಗೆ ಏಳ್ಬೇಡಿ ಅತ್ತೆಮ್ಮ," ಎಂದಳು. ಮಾವ ಎಂಬುವರು ನನ್ನ ಹಿಂದೆಯೇ ನಿಂತಿದ್ದರು. ಗಾಡಿ ಕಟ್ಟುತ್ತಾರೆ ಎಂದುಕೊಂಡೆ. ಅವರು ತುಟಿ ಬಿಚ್ಚಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಅವರು ಸುಮ್ಮನಿದ್ದರೆ ನನಗೆ ಭಯ.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸಿದೆವು. ಪಶು ಡಾಕ್ಟರು ಸ್ಕೂಟರಿನಲ್ಲಿ ಬಂದರು. ಮರಿಗಳ ಕಕ್ಕಸನ್ನು ಕಡ್ಡಿಯಲ್ಲಿ ಕೆದಕಿ ನೋಡಿ, "ನಿನ್ನೆ ಹೊಸದಾಗಿ ಏನು ಹಾಕಿದ್ರಿ?" ಎಂದರು. ಏನೂ ಇಲ್ಲ ಎಂದು ಜಯಮ್ಮ ಆಣೆ ಇಟ್ಟಳು. ನಾನೂ ಇಟ್ಟೆ. ಡಾಕ್ಟರು ನಮ್ಮ ಯಜಮಾನರ ಕಡೆ ತಿರುಗಿದರು. ಅವರ ಪಂಚೆಯ ಅಂಚಿಗೆ ನೊಣ ಮುತ್ತಿಕೊಂಡಿದ್ದವು. ಕೊಡವಿದರೂ ಹೋಗಲೊಲ್ಲವು.

ಆಗ ಬಂತು ಬಾಯಿ. ನಮ್ಮ ಆಲೆಮನೆ ನಡೆಯುತ್ತಿತ್ತು. ಆಲೆಮನೆಗೆ ಯಾರು ಬರಲಿ, ದಾರಿಹೋಕನೇ ಆಗಲಿ, ಹಾಲಾದರೂ ಕುಡಿಸದೆ, ಬಿಸಿ ಬೆಲ್ಲವಾದರೂ ಕೈಗೆ ಹಾಕದೆ ಕಳಿಸಿದರೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಹೀನಾಯವಿಲ್ಲ. (ಹಾಲು ಎಂದರೆ ಕಬ್ಬಿನ ಹಾಲು.) ಅಚ್ಚಿಗೆ ನಿಲ್ಲದೆ ಹೋದ ಪಾಕ, ಅದೇ ಕಾಕಂಬಿ, ಒಂದು ತಗಡಿನ ಡಬ್ಬದ ತುಂಬ ಉಳಿದಿತ್ತಂತೆ. ದೊಡ್ಡಿಯ ಕಡೆ ಕಾಲಿಡುವುದಿಲ್ಲ ಎಂದಿದ್ದ ಗಂಡಸು ಸಂಜೆ ಆ ಡಬ್ಬ ಹೊತ್ತು ಹೋಗಿ ಮರಿಗಳ ಮೇವಿನ ಬಾನಿಗೆ ಸುರಿದು ಬಂದಿದ್ದರು.

"ಬೆಲ್ಲದ ಸೀಮೆಗೆ ಬಂದು ಸಪ್ಪೆ ತೌಡು ತಿಂತವಲ್ಲಾ ಅಂತ ಸಂಕಟ ಆಯ್ತು ಕಣ್ರಿ ಡಾಕ್ಟ್ರೇ," ಎಂದರು, ನೆಲ ನೋಡುತ್ತ.

ಡಾಕ್ಟರು ನಗು ತಡೆದುಕೊಂಡು ವಿವರಿಸಿದರು. ಅಷ್ಟು ಸಿಹಿಯನ್ನು ಮರಿಯ ಸಣ್ಣ ಕರುಳು ಒಂದೇ ಸಲಕ್ಕೆ ಹೀರಿಕೊಳ್ಳಲಾರದು. ಮಿಕ್ಕಿದ್ದು ಕೆಳಗಿನ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ತೌಡಿನ ನಾರು, ಸೊಪ್ಪಿನ ನಾರು ತಿಂದುಕೊಂಡು ತಣ್ಣಗಿದ್ದ ಜೀವಾಣುಗಳು ಹಿಂದೆ ಸರಿದು, ಸಿಹಿಗೆ ಹಾತೊರೆಯುವಂಥವು ಮೇಲೆದ್ದು, ಎಲ್ಲ ಹುಳಿಯೇರಿ, ಗಾಳಿ ಕಟ್ಟಿ, ಮೈಯ ನೀರನ್ನೆಲ್ಲ ಕರುಳು ಎಳೆದುಕೊಳ್ಳುತ್ತದೆ. "ಕಾಕಂಬಿ ವಿಷ ಅಲ್ಲ ಅಜ್ಜಿ. ಮೇವಿಗೆ ಒಂಚೂರು ಬೆರೆಸಿ ಅಭ್ಯಾಸ ಮಾಡಿಸಿದ್ರೆ ಹಂದಿ ಚೆನ್ನಾಗೇ ತಿನ್ನುತ್ತೆ. ಡಬ್ಬಾನೇ ಮಗುಚಿದ್ರೆ ಅವು ಏನ್ಮಾಡ್ತವೆ?"

ನಗಬೇಕಾದ ಹೊತ್ತಿನಲ್ಲಿ ನನಗೆ ನಮ್ಮತ್ತೆ ನೆನಪಾದರು. ನಾನು ನಾಗಮಂಗಲದ ದೇವಲಾಪುರದ ಕಡೆಯ, ಮಳೆ ನಂಬಿದ ಬೆದ್ದಲಿನಿಂದ ಬಂದವಳು. ರಾಗಿ, ಹುರುಳಿ ತಿಂದ ಮೈ. ನಮ್ಮಲ್ಲಿ ಅನ್ನ ಎಂದರೆ ಹಬ್ಬ. ಈ ಬಯಲಿಗೆ ಕಾಲಿಟ್ಟರೆ ಬೆಳಿಗ್ಗೆ ತಂಗಳನ್ನ, ರಾತ್ರಿ ಬಿಸಿಯನ್ನ. ನನ್ನ ಹೊಟ್ಟೆ ಹೊಸ ಮದುವಣಗಿತ್ತಿಯ ಮಾನ ಕಳೆಯಿತು. ಓರಗಿತ್ತಿಯರು ಮುಸಿಮುಸಿ ನಕ್ಕರು. ನಮ್ಮತ್ತೆ ಗದರಿದರು. "ನಗ್ಬ್ಯಾಡ್ರೇ. ಅವಳು ಬಂದವಳೆ, ಅವಳ ಒಟ್ಟೆ ಇನ್ನೂ ದೇವಲಾಪುರ್ದಲ್ಲೇ ಅದೆ. ನಿಧಾನಕ್ಕೆ ಬತ್ತದೆ." ಆಮೇಲೆ ಅವರೇ ಮೂರು ಹೊತ್ತೂ ನನಗೊಂದು ಮುದ್ದೆ ತಿರುವಿ, ಪಕ್ಕದಲ್ಲಿ ಇಷ್ಟೇ ಇಷ್ಟು ಅನ್ನ ಇಡುತ್ತಿದ್ದರು. ಆಯಮ್ಮನಿಗೆ ಯಾವ ಜೀವಾಣು ಗೊತ್ತಿತ್ತು? ಬದುಕಿದ್ದಾಗ ನಾನು ಒಂದು ಒಳ್ಳೆಯ ಮಾತು ಹೇಳಿದವಳಲ್ಲ. ಹಂದಿ ದೊಡ್ಡಿಯ ಮುಂದೆ ನಿಂತು ಹೇಳಿಕೊಂಡೆ.

ಡಾಕ್ಟರು ಔಷಧಿ ಕೊಟ್ಟು, ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಚಿಟಿಕೆ ಬೆಲ್ಲ ಹಾಕಿ ಕುಡಿಸಿ ಎಂದರು. ಮತ್ತೆ ಬೆಲ್ಲ! ಯಜಮಾನರು ತಲೆ ಎತ್ತಿದರು. ಮಲಗಿದ್ದ ಮರಿಗೆ ಬಾಯಿ ಬಿಡಿಸಿ ನೀರು ಹಾಕಿದವರು ಅವರೇ. ಎರಡು ದಿನ ದೊಡ್ಡಿಯ ಕಲ್ಲಿನ ಮೇಲೆ ಕೂತು, ಮರಿ ಬಾಲ ಎತ್ತಿದಾಗಲೆಲ್ಲ ಬಗ್ಗಿ ನೋಡುವುದೇ ಕೆಲಸ. ಕೊನೆಗೆ, "ಲೇ ಇವ್ಳೇ, ಗಟ್ಟಿ ಆಕ್ತು ಕಣೇ!" ಎಂದು ಗದ್ದೆಗೆಲ್ಲ ಕೇಳುವ ಹಾಗೆ ಕೂಗಿದರು. ಮೊಮ್ಮಗಳು ಪಾಸಾದಾಗಲೂ ಅಷ್ಟು ಜೋರಾಗಿ ಕೂಗಿದವರಲ್ಲ. ನಾನೂ ಓಡಿಹೋಗಿ ನೋಡಿದೆ. ಚಂದವಾಗಿಯೇ ಇತ್ತು.

ಗಾಡಿಯ ಮಾತು ಏನಾಯಿತು ಎಂದು ನಾನು ಕೇಳದೆ ಬಿಡುತ್ತೇನೆಯೇ? "ಅದು ಕಾಯ್ಲೆ ಎಲ್ಲಿ ಆಯ್ತದೆ, ಉಪಚಾರ ಎಚ್ಚಾಯ್ತು ಅಷ್ಟೆ," ಎಂದರು ನ್ಯಾಯಾಧೀಶರು. ಜಯಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳೋ ನಗು ಒರೆಸಿಕೊಂಡಳೋ ಕಾಣಲಿಲ್ಲ. ಈಗ ಮರಿಗಳು ಕಾಕಂಬಿ ಬೆರೆಸಿದ ತೌಡು ತಿಂದು ದಿಮ್ಮಿಯ ಹಾಗಾಗಿವೆ.

ಮೊನ್ನೆ ಎಮ್ಮೆಗೆ ಕಲಗಚ್ಚು ಹಾಕುತ್ತಿದ್ದಾಗ ನನಗೆ ಹೊಳೆಯಿತು. ಈ ಹುಡುಗಿ ಮೊದಲು ತರಬೇತಿಗೆ ಹೋಗಿ ಬರುತ್ತೇನೆ ಎಂದಳು, ಅಷ್ಟೇ. ಆಮೇಲೆ ಗದ್ದೆಯಂಚಿಗೆ ಸುಮ್ಮನೆ ಒಂದು ಚಪ್ಪರ ಎಂದಳು. ಆಮೇಲೆ ಜೋಳದ ನುಚ್ಚಿನ ಮೂಟೆ ಜಗುಲಿಯಲ್ಲಿರಲಿ ಎಂದಳು. ಹಂದಿ ಎಂಬ ಮಾತು ಬರುವಷ್ಟರಲ್ಲಿ ನಾವು ಮುಕ್ಕಾಲು ಅರಗಿಸಿಕೊಂಡಿದ್ದೆವು.

"ಏನೇ, ನಮ್ಗೂ ಹಿಡಿ ಹಿಡಿ ಬೆರ್ಸಿ ಆಕುದ್ಯಾ?" ಎಂದೆ.

"ನೀವು ಒಂದೇ ಸಲಕ್ಕೆ ತಡ್ಕೊಳ್ಳೋರಲ್ಲ ಅತ್ತೆಮ್ಮ," ಎಂದು ಬಾನಿ ತೊಳೆಯುತ್ತ ಮುಂದುವರಿಸಿದಳು, "ಪಕ್ಕದೂರ್ನಲ್ಲಿ ಅಂದಿ ಗೊಬ್ರುಕ್ಕೂ ಗೋಬರ್ ಗ್ಯಾಸ್ ಕಟ್ಸವ್ರಂತೆ. ಸುಮ್ನೆ ಏಳ್ದೆ."

ಆ ಗ್ಯಾಸಿನಲ್ಲಿ ನಾನು ಮುದ್ದೆ ಬೇಯಿಸುವುದೇ? ಛೀ ಎನ್ನಲು ಬಾಯಿ ತೆರೆದೆ. ಮೊದಲ ಹಿಡಿ ಬಾನಿಗೆ ಬಿದ್ದಿದೆ ಎಂದು ಚೆನ್ನಾಗಿ ಗೊತ್ತಿತ್ತು.

"ಉರಿ ಜೋರಾಗಿ ಬತ್ತದಂತಾ?" ಎಂದು ಕೇಳಿದೆ.