ನನ್ನ ಡ್ರೈವಿಂಗ್ ಸ್ಕೂಲನ್ನು ಕೆಡಿಸಿದ ತಮ್ಮ ಪೈಲಟ್ ಕುರಿತು

ವಿಮಾನ ಕಂಪನಿಯ ಡ್ಯೂಟಿ ಪಟ್ಟಿ ವಿಭಾಗದ ಮುಖ್ಯಸ್ಥರೂ, ನೆಲದ ಮೇಲೆ ಕುಳಿತೇ ಆಕಾಶವನ್ನು ಆಳುತ್ತಿರುವವರೂ ಆದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗಿರುವ ಎರಡು ಕಾರುಗಳ ಡ್ರೈವಿಂಗ್ ಸ್ಕೂಲಿನ ಒಡತಿಯಾದ ನಾನು, ತಾವೂ ತಮ್ಮ ಕಂಪ್ಯೂಟರೂ ಕ್ಷೇಮವೆಂದು ನಂಬಿ, ವಿನಯಪೂರ್ವಕವಾಗಿ ಬರೆದುಕೊಳ್ಳುವುದೇನೆಂದರೆ, ತಮ್ಮ ಕಚೇರಿಯ ನಮೂನೆಯೊಂದು ಮೊನ್ನೆ ಮಂಗಳವಾರ ನನ್ನ ಕೈ ಸೇರಿತು. ತಮ್ಮ ಪೈಲಟ್ ಒಬ್ಬರು ನನ್ನಲ್ಲಿ ಹೊರಗಿನ ಕೆಲಸ ಮಾಡುತ್ತಿದ್ದರೇ, ಅವರು ಅದನ್ನು ಬಿಡುವುದಕ್ಕೆ ನನ್ನ ಆಕ್ಷೇಪಣೆ ಏನಾದರೂ ಇದೆಯೇ ಎಂದು ಅದರಲ್ಲಿ ಕೇಳಿದ್ದೀರಿ. ಅವರು ಬಿಟ್ಟು ಹೋಗಿ ಮೂರು ತಿಂಗಳಾದ ಮೇಲೆ ಕೇಳಿದ್ದೀರಿ. ಇಷ್ಟು ಸಾವಧಾನ ಇರುವವರ ಕೈಯಲ್ಲಿ ವಿಮಾನಗಳ ವೇಳೆ ಇದೆ ಎಂದು ತಿಳಿದು ಮನಸ್ಸಿಗೆ ನೆಮ್ಮದಿಯಾಯಿತು. ಉತ್ತರಕ್ಕೆ ತಾವು ಬಿಟ್ಟಿರುವ ಜಾಗ ಎರಡೇ ಗೆರೆ. ನನ್ನ ಆಕ್ಷೇಪಣೆ ಅಷ್ಟರಲ್ಲಿ ಹಿಡಿಯುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನುಷ್ಯ ನನ್ನ ಬಾಗಿಲಿಗೆ ಬಂದದ್ದು ತಮ್ಮ ಕೃಪೆಯಿಂದಲೇ. ಹೋದ ವರ್ಷ ತಾವು ವಿಮಾನಗಳನ್ನು ಕಡಿಮೆ ಮಾಡಿ, ತಿಂಗಳಲ್ಲಿ ಹತ್ತು ದಿನ ಹಾರಿ, ಉಳಿದ ದಿನ ಮನೆಯಲ್ಲಿ ವಿಶ್ರಾಂತಿ ಪಡೆಯಿರಿ, ಬೇಕಿದ್ದರೆ ಹಾರಾಟವಲ್ಲದ ಬೇರೆ ಕೆಲಸ ಮಾಡಿಕೊಳ್ಳಿ ಎಂದು ಉದಾರವಾಗಿ ಅಪ್ಪಣೆ ಕೊಟ್ಟಿರಷ್ಟೆ. ಹದಿನಾರು ವರ್ಷ ಕೋ-ಪೈಲಟ್ ಆಗಿದ್ದ ನಲವತ್ತನಾಲ್ಕರ ಗೃಹಸ್ಥರು ಮೊದಲ ವಾರ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರಂತೆ. ಎರಡನೆಯ ವಾರ ಹೆಂಡತಿ ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೊರಡುವ ಮುನ್ನ ಕೊಡೆ, ಬೀಗದ ಕೈ, ಕನ್ನಡಕ ಎಂದು ಗಟ್ಟಿಯಾಗಿ ಓದಿ ಗುರುತು ಹಾಕತೊಡಗಿದರಂತೆ. ಮೂರನೆಯ ವಾರ ಆಕೆಯೇ, ನೀವು ಹೊರಗೆ ಹೋಗಿ ಏನಾದರೂ ಮಾಡಿ, ಸಂಪಾದನೆ ಆಗದಿದ್ದರೂ ಚಿಂತೆಯಿಲ್ಲ ಎಂದು ಕೈಮುಗಿದರಂತೆ. ವಿಮೆ ಮಾರುವುದು, ಮದುವೆ ಫೋಟೋ ತೆಗೆಯುವುದು, ಬ್ರೆಡ್ ಬೇಯಿಸುವುದು ಎಂದು ಅವರ ನೋಟುಬುಕ್ಕಿನಲ್ಲಿ ಹನ್ನೊಂದು ಕಸುಬುಗಳಿದ್ದವು. ವಿಮೆಯನ್ನು ಒಬ್ಬರೂ ಕೊಳ್ಳಲಿಲ್ಲ, ಏಕೆಂದರೆ ಪೈಲಟ್ ಒಬ್ಬರು ಬಂದು ಅಪಘಾತದ ಮಾತೆತ್ತಿದರೆ ಕೇಳುವವರಿಗೆ ಹೇಗಾಗಬೇಡ. ಹನ್ನೊಂದನೆಯದು ನಾನು.

ಸಂದರ್ಶನಕ್ಕೆಂದು ಕಾರಿನಲ್ಲಿ ಕೂರಿಸಿದೆ. ಮುಂದಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಓಡಿಸಿದರು. ರಿವರ್ಸ್ ಎಂದೆ, ಕಸದ ತೊಟ್ಟಿಗೆ ಗುದ್ದಿದರು. ವಿಮಾನ ತಾನಾಗಿ ಹಿಂದಕ್ಕೆ ಹೋಗುವುದಿಲ್ಲವೆಂದೂ, ಅದನ್ನು ತಳ್ಳಲು ಕೆಳಗೆ ಬೇರೆ ಗಾಡಿ ಬರುತ್ತದೆಂದೂ, ಆ ಅಭ್ಯಾಸವೇ ತಮಗೆ ತಪ್ಪಿಹೋಗಿದೆಯೆಂದೂ ಬಹಳ ಮರ್ಯಾದೆಯಿಂದ ವಿವರಿಸಿದರು. ಹೀಗಾಗಿ ಮುಂದಕ್ಕೆ ಹೋಗುವುದನ್ನು ಅವರು, ಹಿಂದಕ್ಕೆ ಬರುವುದನ್ನು ನಾನು ಕಲಿಸುವುದೆಂದು ಒಪ್ಪಂದವಾಯಿತು. ತಾವು ಅವರನ್ನು ಹದಿನಾರು ವರ್ಷ ಬಲಗಡೆಯ ಸೀಟಿನಲ್ಲೇ ಕೂರಿಸಿದ್ದಿರಿ. ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆಯಂತೆ. ನಮ್ಮ ಕಾರಿನಲ್ಲಿ ಕಲಿಸುವವರು ಕೂರುವುದೂ ಎಡಗಡೆಯೇ. ಅವರಿಗೆ ಮೊದಲು ಎಡಗಡೆಯ ಸೀಟು ಕೊಟ್ಟವಳು ನಾನು ಎಂಬುದನ್ನು ತಮ್ಮ ದಾಖಲೆಯಲ್ಲಿ ದಯವಿಟ್ಟು ನಮೂದಿಸಬೇಕು.

ಇನ್ನು ಆಕ್ಷೇಪಣೆಗೆ ಬರುತ್ತೇನೆ. ಇಪ್ಪತ್ತೆರಡು ವರ್ಷ ನಾನು ಬೈದು ಕಲಿಸಿದವಳು. ಕ್ಲಚ್ ಬಿಡು ಎಂದು ನಾನು ಕೂಗಿದರೆ ಪಕ್ಕದ ಬೀದಿಯಲ್ಲಿ ಓಡಿಸುತ್ತಿದ್ದವರೂ ಕ್ಲಚ್ ಬಿಡುತ್ತಿದ್ದರು. ಊರಿನವರು ಪ್ರೀತಿಯಿಂದ ನನ್ನನ್ನು ಬ್ರೇಕಕ್ಕ ಎನ್ನುತ್ತಾರೆ. ತಮ್ಮ ಪೈಲಟ್ ಬಂದ ದಿನದಿಂದ ಪ್ರತಿ ಪಾಠಕ್ಕೆ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ, ಟೈರಿಗೆ ಟಾರ್ಚು, ಕಲಿಯುವವರ ಬಾಯಲ್ಲಿ ಕನ್ನಡಿ, ಬೆಲ್ಟು, ಬಾಗಿಲು ಎಂದು ಗಟ್ಟಿ ಓದು. ಹೊರಟ ಮೇಲೆ, ಇನ್ನೆರಡು ನಿಮಿಷದಲ್ಲಿ ಸರ್ಕಲ್ ತಲುಪುತ್ತೇವೆ, ಎಡಗಡೆ ತರಕಾರಿ ಗಾಡಿ ಇರಬಹುದು ಎಂದು ಮುಂಚಿತ ಸೂಚನೆ. ಕಲಿಯುವವರು ತಪ್ಪು ಮಾಡಿದರೆ ದನಿ ಏರುವ ಬದಲು ಇಳಿಯುತ್ತಿತ್ತು. ತಿಂಗಳೊಳಗೆ ಹೊಸದಾಗಿ ಸೇರುವವರೆಲ್ಲ ‘ಮೆಲ್ಲಗೆ ಮಾತಾಡುವ ಮೇಷ್ಟ್ರು’ ಬೇಕೆಂದು ಕೇಳತೊಡಗಿದರು. ನನ್ನದೇ ಸ್ಕೂಲಿನಲ್ಲಿ ನನಗೆ ಸಿಗುತ್ತಿದ್ದವರು ರಿವರ್ಸಿನವರು ಮಾತ್ರ.

ನಮ್ಮ ಬೀದಿಯಲ್ಲಿ ಐವತ್ತೆರಡರ ದರ್ಜಿಯಮ್ಮನವರಿದ್ದಾರೆ. ಲೈಸೆನ್ಸಿನ ಪರೀಕ್ಷೆಯಲ್ಲಿ ನಾಲ್ಕು ಸಲ ಬಿದ್ದವರು, ನಾಲ್ಕು ಸಲವೂ ನನ್ನ ಶಿಷ್ಯೆ. ಒಂದು ಬೆಳಗ್ಗೆ ಅವರನ್ನು ನೀಲಿ ಕಾರಿನಲ್ಲಿ ಕೂರಿಸಿಕೊಂಡು ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿಗೆ ತಮ್ಮ ಪೈಲಟ್ ಹೋಗಿದ್ದಾಗ ಬ್ರೇಕು ಹಿಡಿಯಲಿಲ್ಲ. ನಮ್ಮ ಕಾರುಗಳಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಆ ಬ್ರೇಕೂ ಹಿಡಿಯಲಿಲ್ಲ, ಏಕೆಂದರೆ ಎರಡಕ್ಕೂ ಎಣ್ಣೆ ಹೋಗುವ ಕೊಳವೆ ಒಂದೇ. ಇಳಿಜಾರಿನ ಕೊನೆಗಿರುವುದು ಬಸ್ಸು ಓಡಾಡುವ ದೊಡ್ಡ ರಸ್ತೆ. ಆಗ ಅವರು ಹೇಳಿದ ಮಾತನ್ನು ದರ್ಜಿಯಮ್ಮ ಇವತ್ತಿಗೂ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

“ಸ್ಟೀರಿಂಗ್ ನಿಮ್ದು, ಬಾಕಿ ಎಲ್ಲ ನಂದು. ನೇರ ಹಿಡ್ಕೊಳ್ಳಿ, ಅಷ್ಟು ಸಾಕು.”

ಆಕೆ ನೇರ ಹಿಡಿದರು. ಅವರು ಒಂದೊಂದೇ ಗೇರು ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳಿನ ಗುಡ್ಡೆಗೆ ಕಾರಿನ ಮೂತಿಯನ್ನು ಒರಗಿಸಿ ನಿಲ್ಲಿಸಿದರು. ಯಾರಿಗೂ ಒಂದು ಗೀರಿಲ್ಲ. ದರ್ಜಿಯಮ್ಮ ಇಳಿದು, ಇದನ್ನು ಒಂದು ಪಾಠ ಎಂದು ಲೆಕ್ಕ ಹಿಡಿಯುತ್ತೀರಾ ಎಂದು ಕೇಳಿದರಂತೆ.

ಮಾನ್ಯರೇ, ನಗಿಸುತ್ತ ಬಂದವಳು ಇಲ್ಲೊಂದು ನಿಜ ಹೇಳಬೇಕು. ನೀಲಿ ಕಾರಿನ ಬ್ರೇಕ್ ಪೆಡಲ್ ತಗ್ಗುತ್ತಿದೆ ಎಂದು ಅವರು ಕಾರಿನ ಪುಸ್ತಕದಲ್ಲಿ ಮೂರು ಸಲ ಬರೆದಿದ್ದರು. ಇನ್ನೊಂದು ವಾರ ಓಡುತ್ತದೆ ಎಂದು ಮೂರು ಸಲವೂ ಮುಂದೂಡಿದವಳು ನಾನು. ಆ ದಿನ ಅವರು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ನೀರು ಕುಡಿದು, ಎಂದಿನ ದನಿಯಲ್ಲೇ ಹೇಳಿದರು.

“ಅಕ್ಕಾ, ತಪ್ಪು ಯಾರ್ದು ಅಂತ ಕೇಳ್ತಿಲ್ಲ. ಬರೆದಿದ್ದನ್ನ ಓದಿ, ಅಷ್ಟೆ.”

ಅವರು ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಪುಸ್ತಕ ತೆರೆದು ಆ ಮೂರೂ ಸಾಲುಗಳನ್ನು ಓದಿದೆ. ಮರುದಿನವೇ ಎರಡೂ ಕಾರುಗಳ ಬ್ರೇಕು ಬಿಚ್ಚಿಸಿ ಹೊಸದು ಹಾಕಿಸಿದೆ. ಅದರ ಮರುವಾರ ದರ್ಜಿಯಮ್ಮ ಐದನೆಯ ಪರೀಕ್ಷೆಯಲ್ಲಿ ಪಾಸಾದರು. ಆ ಸಂಜೆ ನಾನು ತಮ್ಮ ಪೈಲಟ್‌ಗೆ, ಸ್ಕೂಲಿನಲ್ಲಿ ಅರ್ಧ ಪಾಲು ನಿಮ್ಮದು, ಇಲ್ಲೇ ಇದ್ದುಬಿಡಿ ಎಂದೆ. ಅವರು ಇಲ್ಲವೆನ್ನಲಿಲ್ಲ.

ಇಷ್ಟರಲ್ಲಿ ತಮ್ಮ ಘನ ಕಚೇರಿಗೆ ಅವರ ನೆನಪಾಯಿತು. ವಿಮಾನಗಳು ಹೆಚ್ಚಿವೆ, ನಿಮ್ಮನ್ನು ಕ್ಯಾಪ್ಟನ್ ಮಾಡಲಾಗುವುದು, ಬೇರೆ ಊರಿಗೆ ಹೋಗಬೇಕು, ಹದಿನೈದು ದಿನದೊಳಗೆ ಹೊರಗಿನ ಕೆಲಸ ಬಿಡಬೇಕು ಎಂದು ತಾವು ಅವರಿಗೆ ಬರೆದಿರಿ. ಆ ಹದಿನೈದು ದಿನದಲ್ಲಿ ಆ ಮನುಷ್ಯ ಪಟ್ಟ ಪಾಡು ತಮ್ಮ ಕಂಪ್ಯೂಟರಿನಲ್ಲಿ ಮೂಡಿರಲಾರದು. ಹಾಳೆಗೆ ನಡುವೆ ಗೆರೆ ಎಳೆದು, ಒಂದು ಕಡೆ ತಮ್ಮನ್ನೂ ಇನ್ನೊಂದು ಕಡೆ ನನ್ನನ್ನೂ ಬರೆದುಕೊಂಡು ಓಡಾಡುತ್ತಿದ್ದರು. ನಮ್ಮ ಬಾಡಿಗೆ ಕೋಣೆಯ ಕಿಟಕಿ ತೆರೆಯುವುದಿಲ್ಲ ಎನ್ನುವುದೂ ಅದರಲ್ಲಿತ್ತು.

ಅವರ ಭಯ ಏನೆಂದು ಆಗ ತಿಳಿಯಿತು. ತಮ್ಮಲ್ಲೇ ಇದ್ದ ಹಿರಿಯ ಕ್ಯಾಪ್ಟನ್ ಒಬ್ಬರಿಗೆ ಐವತ್ತರ ಸುಮಾರಿಗೆ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಶುರುವಾಗಿ, ತಲೆ ಸುತ್ತಿ, ವರ್ಷಕ್ಕೊಮ್ಮೆ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಬಿದ್ದರಂತೆ. ಕಂಪನಿಯಿಂದ ಎರಡು ಸಾಲಿನ ಕಾಗದ ಬಂದದ್ದೇ ಕೊನೆ. ಇವರು ನೋಡಲು ಹೋದಾಗ ಅವರು ಹೂಕುಂಡಗಳಿಗೆ ನೀರು ಹಾಕಿ, ಹಾಕಿದ್ದನ್ನು ಮರೆತವರಂತೆ ಮತ್ತೆ ಹಾಕುತ್ತಿದ್ದರಂತೆ. ಇವರಿಗೆ ಹನ್ನೊಂದು ಕಸುಬಿನ ಪಟ್ಟಿ ಬೇಕಾದದ್ದು ಆ ದಿನದಿಂದ, ತಾವು ಹಾರಾಟದ ದಿನ ಕಡಿಮೆ ಮಾಡಿದ್ದರಿಂದ ಮಾತ್ರವಲ್ಲ.

“ನಮ್ಮ ಕೆಲಸ ಒಂದೊಂದು ವರ್ಷದ್ದು ಅಕ್ಕಾ. ಡಾಕ್ಟ್ರು ಸೈ ಅಂದ್ರೆ ಇನ್ನೊಂದು ವರ್ಷ,” ಎಂದರು.

ಅದೇ ಮಧ್ಯಾಹ್ನ ಅವರ ಹೆಂಡತಿ ಲ್ಯಾಬಿನಿಂದ ನನಗೆ ಫೋನ್ ಮಾಡಿದರು. ಹತ್ತನೆಯ ತರಗತಿಯ ಮಗಳ ಶಾಲೆ ಬದಲಾಯಿಸುವುದು, ತನ್ನ ಕೆಲಸದ ವರ್ಗಾವಣೆ ಎಲ್ಲವನ್ನೂ ತಾನೇ ನೋಡಿಕೊಳ್ಳುವುದಾಗಿ ಹೇಳಿ, ಅವರು ನಿಮ್ಮ ಮಾತು ಕೇಳುತ್ತಾರೆ, ಯಾವುದನ್ನೇ ಹೇಳಿ, ಆದರೆ ನಿಜ ಹೇಳಿ ಎಂದರು. ನನ್ನ ಅರ್ಧ ಸ್ಕೂಲು ಒಂದು ತಕ್ಕಡಿಯಲ್ಲಿದ್ದಾಗ ನಿಜ ಹೇಳುವುದು ಎಷ್ಟು ಕಷ್ಟ ಎಂಬುದು, ವಿಮಾನ ತಡವಾದಾಗಲೆಲ್ಲ ಕಾರಣ ಹೇಳಬೇಕಾದ ತಮಗೆ ನಾನು ವಿವರಿಸಬೇಕಿಲ್ಲ.

ಸಂಜೆ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: ಡ್ಯೂಟಿ ಇಲ್ಲದ ದಿನ ಬೆಳಗ್ಗೆ ಎದ್ದ ಕೂಡಲೇ ಏನು ನೋಡುತ್ತೀರಿ? ಅವರು ಯೋಚಿಸಿ, ಕಿಟಕಿಯಿಂದಾಚೆ ಮೋಡ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತೇನೆ ಎಂದರು. ಅಷ್ಟು ದಿನ ಬಹುವಚನದಲ್ಲೇ ಮಾತಾಡಿಸಿದವಳು ಆಗ ಮೊದಲ ಸಲ ಏಕವಚನಕ್ಕೆ ಇಳಿದೆ.

“ಡ್ರೈವಿಂಗ್ ಕಲಿಸೋನು ರಸ್ತೆ ನೋಡ್ತಾನೆ ಕಣಪ್ಪಾ. ನೀನು ಹೋಗು.”

ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಮರುದಿನ ಅವರು ತಮಗೆ ಒಪ್ಪಿಗೆ ಬರೆದರು.

ಅವರು ಹೋದ ಮೇಲೆ ನಡೆದದ್ದು ಎರಡನೆಯ ಆಕ್ಷೇಪಣೆ. ಹೋದ ತಿಂಗಳು ದರ್ಜಿಯಮ್ಮನವರು ಸ್ವಂತ ದುಡ್ಡಿನಲ್ಲೇ ಎರಡು ಟಿಕೆಟ್ ಕೊಂಡು, ಅರುವತ್ತೊಂದು ವರ್ಷ ನೆಲ ಬಿಡದ ನನ್ನನ್ನು ತಮ್ಮ ವಿಮಾನಕ್ಕೆ ಹತ್ತಿಸಿದರು. ಎದುರಿನ ಸೀಟಿನ ಕೆಳಗೆ ಬ್ರೇಕಿಗಾಗಿ ತಡಕಾಡಿ ನನ್ನ ಬಲಗಾಲು ಮರಗಟ್ಟಿತು. ಅಷ್ಟರಲ್ಲಿ ಮೇಲಿನಿಂದ, ನಾನು ನಿಮ್ಮ ಕ್ಯಾಪ್ಟನ್ ಮಾತಾಡುತ್ತಿದ್ದೇನೆ, ಮುಂದೆ ಸ್ವಲ್ಪ ಮೋಡವಿದೆ, ಅಲುಗಾಡಬಹುದು, ಗಾಬರಿ ಬೇಡ ಎಂಬ ದನಿ ಬಂತು. ತರಕಾರಿ ಗಾಡಿಯ ವಿಷಯ ಹೇಳುತ್ತಿದ್ದ ಅದೇ ದನಿ. ಆದರೆ ನಮ್ಮ ಪುಟ್ಟ ಕಾರಿನೊಳಗೆ ಆ ದನಿ ಎಷ್ಟು ಮುದುಡಿಕೊಂಡು ಕೂತಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಅಕ್ಕಪಕ್ಕದ ನೂರೈವತ್ತು ಜನ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದರು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ತಮ್ಮ ವಿಮಾನದ ಏಸಿಯೇ ಕಾರಣ. ದಯವಿಟ್ಟು ರಿಪೇರಿ ಮಾಡಿಸಬೇಕು.

ಆದ್ದರಿಂದ ತಮ್ಮಲ್ಲಿ ಅರಿಕೆ. ತಿಂಗಳಿಗೊಮ್ಮೆಯಾದರೂ ಅವರ ವಿಮಾನವನ್ನು ನಮ್ಮ ಬೀದಿಯ ಮೇಲೆ ನಿಧಾನವಾಗಿ ಹಾಯಿಸಿ, ಕ್ಲಚ್ ಬಿಡಲು ಹೆದರುವವರಿಗೆ ಮೇಲಿನಿಂದ ಎರಡು ಮಾತು ಹೇಳಿಸಬೇಕು. ತಮ್ಮ ಕಂಪ್ಯೂಟರನ್ನು ನಮ್ಮಲ್ಲಿ ಒಂದು ವಾರ ಪಾಠಕ್ಕೆ ಕಳಿಸಬೇಕು. ಬೇರೆಯವರ ದಾರಿ ನೋಡಿ ತಿರುಗುವುದನ್ನು ಉಚಿತವಾಗಿ ಕಲಿಸಿಕೊಡುತ್ತೇನೆ. ಇವೆರಡೂ ಆಗದಿದ್ದರೆ ಮೂರನೆಯದನ್ನಾದರೂ ನಡೆಸಿಕೊಡಿ, ಅದು ತಮಾಷೆಯಲ್ಲ. ಯಾವುದೋ ಒಂದು ವರ್ಷ ಡಾಕ್ಟರು ಸೈ ಎನ್ನದೆ ಹೋದರೆ, ಆ ಸುದ್ದಿಯನ್ನು ಅವರಿಗೆ ಕಾಗದದಲ್ಲಿ ಕಳಿಸಬೇಡಿ. ತಮ್ಮ ಮೇಜಿನಿಂದ ಎದ್ದು ಹೋಗಿ, ಎದುರಿಗೆ ಕೂತು, ಒಂದು ಲೋಟ ನೀರು ಕೊಟ್ಟು, ದನಿ ಇಳಿಸಿ ಹೇಳಿ. ಹೇಗೆ ಹೇಳುವುದೆಂದು ತಿಳಿಯದಿದ್ದರೆ ನನ್ನನ್ನು ಕರೆಯಿರಿ. ನಾನು ಬಂದು ಪಕ್ಕದಲ್ಲಿ ಕೂರುತ್ತೇನೆ.

ಮೂರು ತಿಂಗಳು ತಡವಾಗಿ ಬಂದ ಪ್ರಶ್ನೆಗೆ ಮೂರು ಹಾಳೆ ಉತ್ತರ ಕೊಟ್ಟೆನೆಂಬ ತೃಪ್ತಿಯೊಂದಿಗೆ,

ತಮ್ಮ ವಿಶ್ವಾಸಿ,
ಬ್ರೇಕಕ್ಕ

ತಾಜಾಕಲಂ: ಹೊರಗಿನ ಕೆಲಸವನ್ನು ತಾವು ನಿಷೇಧಿಸಿದ ಮೇಲೆ ತಮ್ಮ ಮೂವರು ಪೈಲಟ್‌ಗಳು ನನ್ನಲ್ಲಿ ಕೆಲಸ ಖಾಲಿ ಇದೆಯೇ ಎಂದು ಕೇಳಿಹೋಗಿದ್ದಾರೆ. ಸೋಮವಾರ ಬಂದ ನಾಲ್ಕನೆಯವರು ಪೈಲಟ್ ಅಲ್ಲ, ತಮ್ಮದೇ ವಿಭಾಗದ ಎಲ್ಲರಿಗಿಂತ ದೊಡ್ಡ ಅಧಿಕಾರಿ. ಹೆಸರು ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ, ಹೇಳುವುದಿಲ್ಲ. ತಮಗೆ ಅವರ ಪರಿಚಯ ಚೆನ್ನಾಗಿಯೇ ಇರುವುದರಿಂದ, ಸರದಿಯಲ್ಲಿ ಅವರದು ನಾಲ್ಕನೆಯ ನಂಬರೆಂದೂ, ಬರುವಾಗ ಎರಡು ಫೋಟೋ ತರಬೇಕೆಂದೂ ಅವರಿಗೆ ದಯವಿಟ್ಟು ತಿಳಿಸುವುದು.